ಮಾವ ಮಡಿ ಮಾಡಿದ ಕಂಪ್ಯೂಟರು

ಸ್ವಲ್ಪ ತಾಳಿ! ಮನೆಯ ಹಳೆಯ ಕಂಪ್ಯೂಟರಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕಲು ಹೊರಟಿದ್ದರೆ, ಆ ಕೊನೆಯ ಬಟನ್ ಒತ್ತುವ ಮೊದಲು ನಮ್ಮ ಮಾವನ ಕಥೆ ಕೇಳಿಬಿಡಿ. ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಕಂಪ್ಯೂಟರ್ ಮುಟ್ಟುವ ಇನ್ನೊಬ್ಬ ಮನುಷ್ಯ ಈ ಮದ್ರಾಸಿನಲ್ಲಿ ಸಿಕ್ಕರೆ, ನಾನು ಇವತ್ತೇ ಕೀಬೋರ್ಡ್ ಬಿಟ್ಟುಬಿಡುತ್ತೇನೆ!

ಮಾವ ಅಂದರೆ ನನ್ನ ಅಮ್ಮನ ಅಣ್ಣ. ತ್ರಿಪ್ಲಿಕೇನಿನ ಗಲ್ಲಿಯೊಂದರಲ್ಲಿ ತಲೆಮಾರುಗಳಿಂದ ಇರುವ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಕೋಪ ಬಂದರೆ ಎರಡೂ. ಆಫೀಸಿನಿಂದ ನಿವೃತ್ತರಾಗಿ ಸುಮ್ಮನೆ ಕೂತಿದ್ದವರಿಗೆ ಲಿನಕ್ಸಿನ ಹುಚ್ಚು ಹಿಡಿಸಿದವನು ನಾನೇ. ನಾನೇನು ಕಂಪ್ಯೂಟರ್ ಓದಿದವನಲ್ಲ, ಬರೀ ಬಿ.ಕಾಂ.; ಕೆಡಿಸಿ ಕೆಡಿಸಿ ಕಲಿತವನು. ಇದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಅಂತ ಕೈ ಆಡಿಸಿ ಆಡಿಸಿ ವಿವರಿಸಿದೆ. ಮಾವ ತಮ್ಮದೇ ಅರ್ಥ ಮಾಡಿಕೊಂಡರು.

"ಅಂದ್ರೆ ಇದು ಮಡಿ. ಅಂಗಡೀಲಿ ಹಾಕಿಸ್ಕೊಂಡ ಕದ್ದ ವಿಂಡೋಸು ಮೈಲಿಗೆ. ಅಷ್ಟೇ ತಾನೇ ಪಾ?"

"ಬೇಕಾದರೆ ಎರಡನ್ನೂ ಒಂದೇ ಡಿಸ್ಕಲ್ಲಿ ಇಟ್ಕೋಬಹುದು ಮಾವ."

"ಮಡಿ ಅಡುಗೆಮನೇಲಿ, ಒಂದು ಮೂಲೇಲಿ ಇರಲಿ ಅಂತ ಈರುಳ್ಳಿ ಇಟ್ಕೋತಾರೇನೋ?"

ಇಲ್ಲಿಯವರೆಗೆ ತಮಾಷೆ. ಮುಂದಿನದಕ್ಕೂ ನಗು ಬಂದರೆ ನಕ್ಕುಬಿಡಿ, ನಾವೂ ಹಾಗೇ ಮಾಡಿದೆವು.

ಅತ್ತೆಗೆ ಗಂಟಲಿನ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆ ತೆಗೆಯಲೇಬೇಕು ಅಂದರು ಡಾಕ್ಟರು. ರೆಕಾರ್ಡ್ ಮಾಡಿಟ್ಟ ದನಿಯಿಂದ ಕಂಪ್ಯೂಟರನ್ನು ಅದೇ ದನಿಯಲ್ಲಿ ಮಾತಾಡಿಸಬಹುದು ಅಂತ ನಾನು ಓದಿದ್ದೆ. ಸರಿ, ಆಪರೇಷನ್ನಿಗೆ ಮುಂಚೆ ಮಾವ ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದರು. ಪಂಚಾಂಗ, ತರಕಾರಿ ಹೆಸರು, ನಾದಿನಿಯರ ಮೇಲಿನ ದೂರು, ಬಾಯಿಗೆ ಬಂದದ್ದೆಲ್ಲ ತುಂಬಿಸಿಕೊಂಡರು. ದೂರುಗಳ ಫೋಲ್ಡರೇ ಎಲ್ಲಕ್ಕಿಂತ ದೊಡ್ಡದು! ನಾದಿನಿಯರಲ್ಲಿ ನನ್ನ ಅಮ್ಮನೂ ಒಬ್ಬಳು.

ಅತ್ತೆ ಆಸ್ಪತ್ರೆಯಿಂದ ಬರುವ ದಿನ ಮಾವ ಮನೆ ತೊಳೆದರು. ದೇವರಮನೆ, ಅಡುಗೆಮನೆ, ಮಂಚದ ಕಾಲು. ಆಮೇಲೆ ಕಂಪ್ಯೂಟರು! ವಿಂಡೋಸನ್ನು ಅಳಿಸಿದರು. ಬರೀ ಅಳಿಸಿದರೆ ಮಡಿಯಾಗದು ಅಂತ ಡಿಸ್ಕಿನ ತುಂಬ ಸೊನ್ನೆ ಬರೆಸಿ ಉಜ್ಜಿದರು. ಆಮೇಲೆ ಲಿನಕ್ಸ್. ಅತ್ತೆಯ ದನಿಯನ್ನು ಮೊದಲೇ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡಿದ್ದರಂತೆ. ನಾನು ಹೋಗಿ ತೆರೆದು ನೋಡಿದರೆ ಅದರಲ್ಲಿದ್ದದ್ದು ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಮಾತ್ರ. ಬಾಗಿಲ ಮೇಲಿನ ಹೆಸರಿನ ಹಲಗೆ ಬಿಚ್ಚಿಟ್ಟುಕೊಂಡು, ಮನೆಯನ್ನೇ ಜೋಪಾನ ಮಾಡಿದೆ ಅಂದ ಹಾಗೆ. ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಪ್ರಯೋಗಿಸಿದೆ. ಸೊನ್ನೆ ಬಿಟ್ಟು ಬೇರೇನೂ ಬರಲಿಲ್ಲ.

"ಅವಳಿಗೆ ಹೇಳ್ಬೇಡ" ಅಂದರು ಮಾವ.

ಅತ್ತೆ ಟೈಪ್ ಮಾಡಿದ್ದನ್ನು ಲಿನಕ್ಸಿನ ಬಿಟ್ಟಿ ಕನ್ನಡ ದನಿ ಓದುತ್ತಿತ್ತು. ಅದು ಗಂಡು ದನಿ! ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ತಡ ಅನ್ನುವ ಧಾಟಿಯಲ್ಲಿ "ಸಾರಿಗೆ ಉಪ್ಪು ಸಾಲದು" ಅನ್ನುತ್ತಿತ್ತು. "ನಿನ್ನ ದನಿ ರೆಡಿ ಆಗ್ತಾ ಇದೆ ಕಣೇ, ಸ್ವಲ್ಪ ಟೈಮ್ ಹಿಡಿಯತ್ತೆ" ಅನ್ನುತ್ತಿದ್ದರು ಮಾವ.

ಆಮೇಲೆ ಶುರುವಾಯಿತು ದಂಡಯಾತ್ರೆ. ನೆಂಟರ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದೆಯೋ, ಮಾವನೂ ನಾನೂ ಹಾಜರ್! ಲಿನಕ್ಸ್ ಹಾಕಿಕೊಡುವುದು ನೆಪ. ಅದಕ್ಕೆ ಮುಂಚೆ ಅವರ ಮದುವೆ, ಮುಂಜಿ, ಸೀಮಂತದ ವಿಡಿಯೋಗಳಲ್ಲಿ ಅತ್ತೆಯ ದನಿ ಹುಡುಕುವುದೇ ಕೆಲಸ. ಆದರೆ ಎಲ್ಲೆಲ್ಲೂ ನಾಗಸ್ವರ! ಅತ್ತೆ ಬಾಯಿ ತೆರೆಯುವುದು ಕಾಣುತ್ತದೆ, ಕೇಳುವುದು ಡೋಲು. ಮಾವ ಪರದೆಗೆ ಕಿವಿ ಹಚ್ಚಿ ಕೂರುತ್ತಿದ್ದರು, ದನಿ ಅಲ್ಲಿಂದ ಬರುವುದೇನೋ ಎಂಬಂತೆ.

ವಡಪಳನಿಯಲ್ಲಿ ನನ್ನ ದೊಡ್ಡಮ್ಮನ ಮಗ ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾನೆ. ಪಾಪ, ಸಹಾಯವೆಂದೇ ಹೇಳಿದ:

"ಯಾಕೆ ಮಾವ ಇಷ್ಟು ಕಷ್ಟ? ನಮ್ಮಲ್ಲಿ ಒಬ್ಬಮ್ಮ ಇದಾರೆ, ಯಾರ ಥರ ಬೇಕಾದ್ರೂ ಮಾತಾಡ್ತಾರೆ. ಅತ್ತೆ ಥರಾನೇ ಮಾಡಿಸಿಬಿಡೋಣ."

"ನಿನ್ನ ಹೆಂಡ್ತಿಗೆ ಮಾಡಿಸ್ಕೋ ಡಬ್ಬಿಂಗು! ಪೋ ಡಾ!"

ಚಪ್ಪಲಿಯನ್ನೂ ಮರೆತು, ಸುಡುವ ರಸ್ತೆಯಲ್ಲಿ ಬರಿಗಾಲಲ್ಲಿ ಬಸ್ ಸ್ಟಾಪಿನವರೆಗೆ ನಡೆದರು. ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ನಾನು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ, "ನಂಗೆ ಅವಳ ದನಿ ಮರೀತಾ ಇದೆ ಕಣೋ" ಅಂದರು.

ಅಷ್ಟರಲ್ಲಿ ಅತ್ತೆಯ ಕಾಯಿಲೆ ಮರಳಿತ್ತು. ಒಂದು ಮಧ್ಯಾಹ್ನ ಮಾವ ಔಷಧಿ ತರಲು ಹೋದಾಗ ಅತ್ತೆ ನನ್ನನ್ನು ಕರೆದು ಟೈಪ್ ಮಾಡಿದರು. ಸ್ಟೇಷನ್ ದನಿ ಘೋಷಿಸಿತು: "ಪೆನ್‌ಡ್ರೈವ್ ನೋಡಿದೆ. ನನ್ನ ದನಿ ಹೋಗಿದೆ, ನನಗೆ ಗೊತ್ತು."

"ಮಾವಂಗೆ ಹೇಳ್ಬಿಡ್ಲಾ ಅತ್ತೆ?"

"ಬೇಡ. ಹುಡುಕಲಿ. ಮನೇಲಿ ಕೂತರೆ ನನ್ನ ಮುಖ ನೋಡಿ ಅಳುತ್ತಾರೆ."

ಕೊನೆಗೆ ಮಣಲಿಯ ಚಿಕ್ಕಮ್ಮನ ಮನೆ. ಲಿನಕ್ಸ್ ಹಾಕಿದ ಮೇಲೆ ಅವರ ಮೊಮ್ಮಗಳು, "ತಾತಾ, ಎನ್ ಗೇಮ್ ಎಂಗೇ?" ಅಂತ ತನ್ನ ಆಟಕ್ಕಾಗಿ ಗೋಳೋ ಅಂದಳು. ಮಾವನಿಗೆ ಅದು ಕೇಳಿಸಲೇ ಇಲ್ಲ. ಅಳಿಸುವ ಮೊದಲು ಎತ್ತಿಟ್ಟ ವಿಡಿಯೋ ಒಂದರಲ್ಲಿ ಅವರು ಮುಳುಗಿದ್ದರು. ಯಾವುದೋ ಹಬ್ಬದ ಊಟ. ಬಾಳೆಎಲೆಯ ಮುಂದೆ ಮಾವ, ಎಲೆಯ ಮೇಲೆ ಹೋಳಿಗೆ, ಕ್ಯಾಮೆರಾದ ಹಿಂದಿನಿಂದ ಅತ್ತೆ:

"ಯಾರು ಇವರಿಗೆ ಇನ್ನೊಂದು ಹಾಕಿದ್ದು? ಸಕ್ಕರೆ ಕಾಯಿಲೆ ಇರೋದು ಮರ್ತೋಯ್ತಾ? ಏಳ್ರೀ, ಸಾಕು!"

ಅಷ್ಟೇ. ಡೋಲಿಲ್ಲ, ನಾಗಸ್ವರವಿಲ್ಲ. ಹೊಸ ದನಿ ಕಟ್ಟಲು ಅದು ಏತಕ್ಕೂ ಸಾಲದು. ಆದರೂ ಮನೆಗೆ ತಂದು ಅತ್ತೆಯ ಮುಂದೆ ಹಾಕಿದೆವು. ಮಾವ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಅತ್ತೆ ಭುಜ ಕುಲುಕಿ ಕುಲುಕಿ ನಕ್ಕರು, ಸದ್ದಿಲ್ಲದೆ. ಆಮೇಲೆ ಟೈಪ್ ಮಾಡಿದರು: "ನನ್ನ ದನಿ ಇಷ್ಟು ಕರ್ಕಶವಾಗಿತ್ತಾ? ಈ ರೈಲಿನವನೇ ವಾಸಿ."

ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಅತ್ತೆ ಹೋದರು.

ಈಗಲೂ ಮಾವ ಬೆಳಗ್ಗೆ ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಕಂಪ್ಯೂಟರ್ ಆನ್ ಮಾಡುತ್ತಾರೆ. ಲಿನಕ್ಸಿನಲ್ಲಿ ಏನು ಬೇಕಾದರೂ ತಿದ್ದಬಹುದಲ್ಲ, ಶುರುವಾಗುವಾಗಿನ ಸದ್ದನ್ನು ನಾನು ತಿದ್ದಿಕೊಟ್ಟಿದ್ದೇನೆ. "ಏಳ್ರೀ, ಸಾಕು!" ಅನ್ನುತ್ತದೆ ಅದು. "ಎದ್ದೆ ಕಣೇ" ಅನ್ನುತ್ತಾರೆ ಮಾವ. ಏಳುವುದಿಲ್ಲ.

ನಿಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆ? ಮೊದಲು ಕೂತು ಕೇಳಿ. ಆಮೇಲೆ ಧಾರಾಳವಾಗಿ ಲಿನಕ್ಸ್ ಹಾಕಿ. ಏನು ಸಿಕ್ಕಿತು, ಏನು ಕಳೆಯಿತು ಅಂತ ನನಗೂ ಒಂದು ಮಾತು ಬರೆಯಿರಿ.