ಹೊರಗೆ ಕೂತ ಇಟಲಿ ಹುಡುಗ

ನಮ್ಮ ಕಾಕಾ ಇಟಲಿಯ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡಿದ್ದಾರೆ. ಲಂಡನ್ನಿನ ಕನ್ನಡಿಗರಿಗೆಲ್ಲ ಗೊತ್ತಿರುವ ಈ ಸಂಗತಿ ಗೊತ್ತಿಲ್ಲದಿರುವುದು ಒಬ್ಬನಿಗೆ ಮಾತ್ರ. ಆ ಇಟಲಿಯ ಹುಡುಗನಿಗೆ!

ಕಾಕಾ ಎಂದರೆ ನನ್ನ ಗಂಡನ ಚಿಕ್ಕಪ್ಪ, ಕಾಕು ಅವರ ಹೆಂಡತಿ. ನಾನು ಮೈಸೂರಿನವಳು, ಧಾರವಾಡದವರ ಮನೆಗೆ ಸೊಸೆಯಾಗಿ ಬಂದ ಮೇಲೆ ಕಾಕಾ, ಕಾಕು ಎನ್ನಲು ಕಲಿತವಳು. ನಾವಿರುವುದು ಕಿಂಗ್ಸ್‌ಬರಿಯ ಫ್ಲ್ಯಾಟಿನಲ್ಲಿ. ಅವರಿರುವುದು ಸ್ಟ್ಯಾನ್ಮೋರಿನ ದೊಡ್ಡ ಮನೆಯಲ್ಲಿ. ಮುಂದೆ ಕಾರುಗಳು, ಹಿಂದೆ ಯಾರೂ ಕಾಲಿಡದ ತೋಟ. ಕಾಕಾ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿ ಜೀವಮಾನವಿಡೀ ಜನರನ್ನು ಮಲಗಿಸಿದವರು. ನಿವೃತ್ತರಾದ ಮೇಲೂ ಆ ಸೇವೆ ನಿಲ್ಲಿಸಿಲ್ಲ. ಮೊದಲು ಸೂಜಿ ಚುಚ್ಚುತ್ತಿದ್ದರು, ಈಗ ಆ ಹುಡುಗನ ಕಥೆ ಹೇಳುತ್ತಾರೆ. ನನ್ನ ಗಂಡನಿಗಂತೂ ಎರಡನೇ ವಾಕ್ಯಕ್ಕೇ ಕಣ್ಣು ಮುಚ್ಚಿಹೋಗುತ್ತದೆ, ಆದರೆ ತಲೆ ಮಾತ್ರ ಹೌದು ಹೌದು ಎಂದು ಅಲ್ಲಾಡುತ್ತಲೇ ಇರುತ್ತದೆ. ಅದು ಅವರ ಮನೆತನದ ವಿದ್ಯೆ.

ಕಾಕಾ ತಮ್ಮ ಜನ್ಮದಲ್ಲಿ ಚೆಂಡನ್ನು ಒದ್ದವರಲ್ಲ. ಹೀಗಿರುವಾಗ ಈ ಹುಚ್ಚು ಹೇಗೆ ಹಿಡಿಯಿತು ಅಂತೀರಾ? ನಿವೃತ್ತಿಗೆ ಸ್ವಲ್ಪ ಮುಂಚೆ ಆಸ್ಪತ್ರೆಯ ಸ್ನೇಹಿತರೊಬ್ಬರು ತಾವು ಹೋಗಲಾಗದ ಫುಟ್‌ಬಾಲ್ ಪಂದ್ಯದ ಟಿಕೆಟ್ಟನ್ನು ಇವರ ಕೈಗೆ ತುರುಕಿದರು. ಲಂಡನ್ನಿನ ಆ ಕ್ಲಬ್ಬು ಆಗ ತಾನೇ ಇಟಲಿಯಿಂದ ಗೋಲು ಹೊಡೆಯಲೆಂದೇ ಹೊಸ ಸ್ಟ್ರೈಕರನ್ನು ತರಿಸಿಕೊಂಡಿತ್ತು. ಆಟ ಇನ್ನೇನು ಮುಗಿಯುತ್ತದೆ ಎನ್ನುವಾಗ ಅವನನ್ನು ಒಳಗೆ ಬಿಟ್ಟರು. ಗೋಲಿನ ಮುಂದೆ ಯಾರೂ ಇಲ್ಲ, ಚೆಂಡು ಕಾಲ ಬಳಿಯೇ ಬಂದು ನಿಂತಿದೆ. ಪುಣ್ಯಾತ್ಮ ಅದನ್ನು ಆಕಾಶಕ್ಕೆ ಒದ್ದು, ತಾನು ನೆಲಕ್ಕೆ ಬಿದ್ದ! ಇಡೀ ಮೈದಾನ ಒಂದೇ ಬಾಯಲ್ಲಿ ಬೈಯಿತು. ಅವನು ಎದ್ದು, ಕಾಲುಚೀಲ ಸರಿಮಾಡಿಕೊಂಡು, ತಪ್ಪಾಯಿತು ಎನ್ನುವಂತೆ ಜನರ ಕಡೆ ಕೈಯೆತ್ತಿದ. ಆಗ ಎದ್ದು ನಿಂತು ಚಪ್ಪಾಳೆ ತಟ್ಟಿದವರು ನಮ್ಮ ಕಾಕಾ ಒಬ್ಬರೇ. ಈ ಮನುಷ್ಯನಿಗೆ ಆಟದ ಗಂಧವೇ ಇಲ್ಲ ಎಂದು ಪಕ್ಕದಲ್ಲಿ ಕೂತ ಬಿಳಿಯ ಅಂದುಕೊಂಡಿರಬೇಕು. ಅವನ ಊಹೆಯಲ್ಲಿ ತಪ್ಪೇನೂ ಇರಲಿಲ್ಲ.

ಅಂದಿನಿಂದ ಅವನು ‘ನಮ್ಮ ಹುಡುಗ’. ಅವನ ಹೆಸರನ್ನು ಕಾಕಾ ಹೇಳುವುದಿಲ್ಲ. ಸಂಸಾರಸ್ಥ ಹೆಂಗಸರು ಗಂಡನ ಹೆಸರು ಹೇಳುತ್ತಾರೆಯೇ?

ಕಾಕಾಗೆ ಆಟ ಅರ್ಥವಾಗದಿದ್ದರೂ ಆಟಗಾರನ ಬಾಳು ಚೆನ್ನಾಗಿ ಅರ್ಥವಾಯಿತು. ಇದೂ ಒಬ್ಬ ಹೆಣ್ಣುಮಗಳ ಬಾಳಿನಂತೆಯೇ ಎಂದು ಅವರ ಸಿದ್ಧಾಂತ. ಕ್ಲಬ್ಬು ಎಂದರೆ ಮನೆ. ಸಹಿ ಹಾಕುವುದು ನಿಶ್ಚಿತಾರ್ಥ. ಅದಕ್ಕೆ ಮುಂಚೆ ಡಾಕ್ಟರು ಮಂಡಿ ಮಡಚಿ ನೋಡುವುದು ಹೆಣ್ಣು ನೋಡುವ ಶಾಸ್ತ್ರ. ಹೊಸ ಅಂಗಿ ಕೊಟ್ಟು ಫೋಟೋ ತೆಗೆಯುವುದು ಮನೆ ತುಂಬಿಸಿಕೊಳ್ಳುವುದು. ಇನ್ನು ತರಬೇತುದಾರ? ಅವನು ಅತ್ತೆ! ಕಾಕಾ ಬಾಯಲ್ಲಿ ಕೋಚ್ ಎಂಬ ಪದವನ್ನು ನಾನು ಕೇಳಿಯೇ ಇಲ್ಲ. ಆರಡಿ ಎತ್ತರದ, ಗಡ್ಡ ಬಿಟ್ಟ ಜರ್ಮನ್ ಗಂಡಸನ್ನು ಟೀವಿಯಲ್ಲಿ ತೋರಿಸಿ ಒಮ್ಮೆ ನನಗೆ ಹೇಳಿದ್ದರು, “ನೋಡವಾ, ಇವನ ನಮ್ಮ ಹುಡುಗನ ಅತ್ತಿ. ಭಾಳ ಕಾಟ ಕೊಡ್ತಾನ.”

ಹೀಗಾಗಿ ಆ ಹುಡುಗನ ವೃತ್ತಿಜೀವನವನ್ನು ಕೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು ಅನ್ನಿಸುತ್ತದೆ. ಅವನು ಹುಟ್ಟಿದ್ದು ಇಟಲಿಯ ದಕ್ಷಿಣದ ತುದಿಯ ಮೀನುಗಾರರ ಊರಿನಲ್ಲಿ. ಅಲ್ಲಿಯ ಸಣ್ಣ ಕ್ಲಬ್ಬಿನಲ್ಲಿ ಗೋಲುಗಳ ಸುರಿಮಳೆ ಸುರಿಸಿದ. ಅದನ್ನು ನೋಡಿ ಉತ್ತರದ ಶ್ರೀಮಂತರು ಕರೆದುಕೊಂಡು ಹೋಗಿ, ಮೂಲೆಯಲ್ಲಿ ಕೂರಿಸಿದರು. ಅಲ್ಲಿಂದ ಲಂಡನ್ನಿಗೆ ಬಂದ. ಅವನು ಇಲ್ಲಿ ಮಾಡಿದ ಘನಕಾರ್ಯವನ್ನು ಆಗಲೇ ಹೇಳಿದೆ. ಮುಂದೆ ಟರ್ಕಿ. ಅಲ್ಲಿ ಮಂಡಿ ತಿರುಚಿಕೊಂಡ. ಆ ಮಂಡಿಗಾಗಿ ಕಾಕಾ ಗುರುವಾರಗಳಂದು ಒಪ್ಪತ್ತು ಹಿಡಿದರು. ಶಸ್ತ್ರಚಿಕಿತ್ಸೆಯ ದಿನ ಅಲ್ಲಿನ ಡಾಕ್ಟರು ಅರಿವಳಿಕೆ ಸರಿಯಾಗಿ ಕೊಡುತ್ತಾನೋ ಇಲ್ಲವೋ ಎಂದು ಊಟವನ್ನೇ ಬಿಟ್ಟರು. ಹುಡುಗ ಮತ್ತೆ ಆಡಲು ಇಳಿದಾಗ ರಾಯರ ಮಂತ್ರಾಕ್ಷತೆಯನ್ನು ಟೀವಿಯ ಮೇಲೆ, ಸರಿಯಾಗಿ ಮಂಡಿ ಕಾಣುವ ಜಾಗಕ್ಕೇ ಹಾಕಿದರು. ಅವನು ಓಡುತ್ತಿದ್ದನಲ್ಲ, ಅರ್ಧ ಮಂತ್ರಾಕ್ಷತೆ ಎದುರಾಳಿ ಗೋಲ್‌ಕೀಪರನಿಗೆ ಬಿತ್ತು! ಅಂದು ಆ ಗೋಲ್‌ಕೀಪರನೇ ಅದ್ಭುತವಾಗಿ ಆಡಿದ. ಕಾಕು ಮಾತ್ರ ಟೀವಿ ಹಿಂದಿನ ಅಕ್ಕಿ ಕಾಳುಗಳನ್ನು ಸಂಜೆಯವರೆಗೂ ವ್ಯಾಕ್ಯೂಮ್ ಮಾಡುತ್ತಿದ್ದರು.

ಇಷ್ಟೇ ಆಗಿದ್ದರೆ ನಗುನಗುತ್ತಾ ಮುಗಿಸಿಬಿಡಬಹುದಿತ್ತು. ಆದರೆ ಹೋದ ಚಳಿಗಾಲದಲ್ಲಿ ಕಾಕಾನ ಒಬ್ಬಳೇ ಮಗಳು ರಶ್ಮಿ ಮದುವೆ ಮುರಿದುಕೊಂಡು ಬರ್ಮಿಂಗ್‌ಹ್ಯಾಮಿನಿಂದ ಸ್ಟ್ಯಾನ್ಮೋರಿಗೆ ಬಂದಳು. ಯಾರೂ ಕಿರುಚಾಡಲಿಲ್ಲ, ಯಾರೂ ಅಳಲಿಲ್ಲ. ಸುಶಿಕ್ಷಿತರ ಮನೆ ನೋಡಿ, ಅಲ್ಲಿ ಇಂಥದ್ದೆಲ್ಲ ಮೆಲ್ಲಗೆ ಬಾಗಿಲು ಹಾಕಿಕೊಂಡು ಆಗುತ್ತದೆ. ಯಾರಾದರೂ ಕೇಳಿದರೆ ಕಾಕು, ರಶ್ಮಿ ತವರಿಗೆ ಬಂದಿದ್ದಾಳೆ, ನಾಲ್ಕು ದಿನ ಇರುತ್ತಾಳೆ ಎನ್ನುತ್ತಿದ್ದರು. ಯುಗಾದಿಗೂ ನಾಲ್ಕು ದಿನ, ಗಣಪತಿ ಹಬ್ಬಕ್ಕೂ ಅದೇ ನಾಲ್ಕು ದಿನ. ಕಾಕಾ ಅಷ್ಟೂ ಹೇಳುತ್ತಿರಲಿಲ್ಲ. ಮಗಳ ಮಾತು ಬಂದ ಕೂಡಲೇ ಇಟಲಿಗೆ ಓಡಿಬಿಡುತ್ತಿದ್ದರು.

ಒಂದು ಸಲ ಹೀಗೆ ಓಡುವಾಗ ಎಡವಿಬಿದ್ದರು. ಧಾರವಾಡದಿಂದ ಅವರ ಸೋದರತ್ತೆಯ ಫೋನು. ಎಂಬತ್ತು ದಾಟಿದ ಮುದುಕಿ; ಕಿವಿ ಮಂದ, ಕುತೂಹಲ ಚುರುಕು. ರಶ್ಮಿ ಹೇಗಿದ್ದಾಳೆ ಎಂದು ಕೇಳಿದರಂತೆ. ಕಾಕಾ ಆರಾಮ ಅದಾಳ ಎಂದವರೇ ಒಂದು ಉಸಿರೂ ಬಿಡದೆ ತಮ್ಮ ಹುಡುಗನ ಸಂಕಟಕ್ಕೆ ಇಳಿದರು.

“ಏನ್ ಹೇಳ್ಲಿ ಅತ್ಯಾ, ತಿಂಗಳಾತು ಹೊರಗ ಕೂಡಿಸ್ಯಾರ. ಒಳಗ ಕರೀವಲ್ರು.”

ಕಾಕಾ ಹೇಳಿದ್ದು ಮೈದಾನದ ಹೊರಗಿನ ಬೆಂಚಿನ ವಿಷಯ. ಆದರೆ ನಮ್ಮ ಕಡೆ ‘ಹೊರಗೆ ಕೂರುವುದು’ ಎಂದರೆ ಏನರ್ಥ ಎಂದು ನಿಮಗೆ ನಾನು ಬಿಡಿಸಿ ಹೇಳಬೇಕೆ? ಲಂಡನ್ನಿನಂಥ ಲಂಡನ್ನಿನಲ್ಲೂ ಮನೆಯವರು ಮಡಿ ಬಿಟ್ಟಿಲ್ಲವಲ್ಲ ಎಂದು, ಇದು ರಶ್ಮಿಯ ಮಾತೇ ಎಂದುಕೊಂಡ ಮುದುಕಿಗೆ ಮೊದಲು ಸಂತೋಷವೇ ಆಯಿತಂತೆ. ಆಮೇಲೆ ‘ತಿಂಗಳಾತು’ ಎಂಬುದು ತಲೆಗೆ ಹೋಗಿ ಗಾಬರಿಯಾಯಿತು.

“ತಿಂಗಳಗಟ್ಲೆ ಅಂದ್ರ ಹುಡುಗಾಟ ಅಲ್ಲೋ. ಡಾಕ್ಟರಿಗೆ ತೋರ್ಸು. ನೀನರೆ ಎಂಥಾ ಡಾಕ್ಟರೋ?”

ಸಂಜೆಯೊಳಗೆ ಸುದ್ದಿ ಧಾರವಾಡದಿಂದ ಬೆಳಗಾವಿಗೆ, ಬೆಳಗಾವಿಯಿಂದ ವಿಜಯಪುರಕ್ಕೆ ಮುಟ್ಟಿತು. ಮರುದಿನ ಬೆಳಿಗ್ಗೆಯಿಂದ ಕಾಕುಗೆ ಒಂದೇ ಸಮನೆ ಫೋನು. ಒಬ್ಬರು ಅಶೋಕಾರಿಷ್ಟ ಕುಡಿಸಿ ಅಂದರು. ಇನ್ನೊಬ್ಬರು ಇದಕ್ಕೇ ಗಂಡ ಬಿಟ್ಟನೇನು ಎಂದು ಮೆಲ್ಲಗೆ ಕೇಳಿದರು. ನಾನು ಆ ದಿನ ಅಲ್ಲೇ ಇದ್ದೆ. ವಿಷಯ ತಿಳಿದ ರಶ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾವು ನೋಡಿ ಯಾವ ಕಾಲವಾಗಿತ್ತೋ. ಆಮೇಲೆ ಗಂಡ ಬಿಟ್ಟನೇನು ಎಂಬ ಆ ಮಾತು ಅವಳ ಕಿವಿಗೂ ಬಿತ್ತು. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಕಾ ಮೆಟ್ಟಿಲ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು, ಟೀವಿ ಕಡೆ ಹೋದರು.

ಆ ಬೇಸಿಗೆಯಲ್ಲಿ ಟರ್ಕಿಯವರೂ ಅವನನ್ನು ಬಿಟ್ಟರು. ಕಾಕಾ ಸೊರಗಿಹೋದರು. ಕಿಂಗ್ಸ್‌ಬರಿಯ ಶಾಲೆಯ ಹಾಲಿನಲ್ಲಿ ಕನ್ನಡದವರ ಊಟದ ಕೂಟವಿತ್ತು. ವೇದಿಕೆಯ ಮೇಲೆ ಯಾರೋ ಮೈಕ್ ಪರೀಕ್ಷಿಸುತ್ತಿದ್ದರು. ಕಾಕಾ ನನ್ನ ಗಂಡನ ಪಕ್ಕ ಕೂತು, ನಮ್ಮ ಹುಡುಗ ಈಗ ಫ್ರೀ ಆಗಿದ್ದಾನೆ, ಯಾರಾದರೂ ಒಳ್ಳೆಯ ಮನೆಯವರು ಕರೆದುಕೊಂಡರೆ ಸಾಕು ಎಂದು ನಿಟ್ಟುಸಿರು ಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಬಂದೇಬಿಟ್ಟರು. ಇವರು ನಮ್ಮ ಮೈಸೂರಿನವರೇ, ಸ್ಟ್ಯಾನ್ಮೋರಿನಲ್ಲಿ ಕಾಕಾ ಮನೆಯಿಂದ ಎರಡು ಬೀದಿ ಆಚೆಗೆ ಹೊಸದಾಗಿ ಬಂದವರು. ವಾರದ ದಿನಗಳಲ್ಲಿ ಬಡಾವಣೆಯ ಡಾಕ್ಟರು, ಶನಿವಾರ ಭಾನುವಾರ ವಧೂವರರ ಕೇಂದ್ರ.

ಹುಡುಗ ಎಷ್ಟು ಎತ್ತರ ಎಂದು ಕೇಳಿದರು. ಆರಡಿಗೂ ಮೇಲೆ ಎಂದರು ಕಾಕಾ. ಡಾಕ್ಟರಮ್ಮನ ಕಣ್ಣು ಹೊಳೆಯಿತು. ಗೋತ್ರ ಯಾವುದು ಎಂದರು. ಮೈಕು ಕೀಚೆಂದಿತು, ಕಾಕಾಗೆ ಗೋಲು ಎಂದು ಕೇಳಿಸಿತು.

“ಹ್ವಾದ ವರ್ಷ ಎರಡ ರೀ. ಅದರಾಗ ಒಂದು ತಪ್ಪಿ ಆತು.”

ಎರಡು ಗೋತ್ರದ ಹುಡುಗನನ್ನು ಡಾಕ್ಟರಮ್ಮ ಅದುವರೆಗೆ ಕಂಡಿರಲಿಲ್ಲ. ಆದರೂ ಧೈರ್ಯಗೆಡದೆ ಮೊದಲಿನ ಸಂಬಂಧವೇನಾದರೂ ಇತ್ತೇ ಎಂದು ವಿಚಾರಿಸಿದರು. ಮೂರು ಮನೆಯಾಯಿತು, ಮೂವರೂ ಬಿಟ್ಟುಕಳಿಸಿದರು ಎಂದು ಕಾಕಾ ಕಣ್ಣು ತುಂಬಿಕೊಂಡರು. ಮೂರು ಕಡೆ ಬಿಟ್ಟರು ಅಂದಮೇಲೆ ಅವನಲ್ಲೇ ಏನೋ ಐಬಿರಬೇಕಲ್ಲವೇ ಎಂದ ಡಾಕ್ಟರಮ್ಮ, ಬಡಿಸುತ್ತಿದ್ದ ರಶ್ಮಿಯ ಕಡೆ ಯಾಕೋ ಒಮ್ಮೆ ನೋಡಿದರು. ಕಾಕಾ ಕೆರಳಿದರು. ಅವನಲ್ಲಿ ಯಾವ ಐಬೂ ಇಲ್ಲ, ಇಟ್ಟುಕೊಳ್ಳಲು ಬಾರದವರ ತಪ್ಪಿಗೆ ಅವನು ಯಾಕೆ ತಲೆ ತಗ್ಗಿಸಬೇಕು ಎಂದು ಹಾಲಿಗೆಲ್ಲ ಕೇಳುವಂತೆ ವಾದಿಸಿದರು. ಆಹಾ, ಎಂಥ ನ್ಯಾಯನಿಷ್ಠೆ! ಇದೆಲ್ಲ ಆದ ಮೇಲೆ ನನ್ನ ಗಂಡ ಡಾಕ್ಟರಮ್ಮನಿಗೆ ಅದು ಫುಟ್‌ಬಾಲ್ ಎಂದು ತಿಳಿಸಿ ಹೇಳಿದ.

ಆ ಸಂಜೆ ಸ್ಟ್ಯಾನ್ಮೋರಿನ ಮನೆಯಲ್ಲಿ ಪಾತ್ರೆ ತೊಳೆಯುತ್ತಾ ರಶ್ಮಿ ನನಗೆ ಒಂದು ವಿಷಯ ಹೇಳಿದಳು. ಅವಳು ಮಾತಾಡುವುದು ಇಂಗ್ಲಿಷಿನಲ್ಲಿ; ಕನ್ನಡ ಪೂರ್ತಿ ಅರ್ಥವಾಗುತ್ತದೆ, ನಾಲಿಗೆಗೆ ಬರುವುದಿಲ್ಲ. ಲಂಡನ್ನಿನ ಇನ್ನೊಂದು ತುದಿಯ ಈಸ್ಟ್ ಹ್ಯಾಮಿನಲ್ಲಿ, ಸೀರೆ ಅಂಗಡಿಯ ಮೇಲೆ ಒಂದು ಕೋಣೆ ನೋಡಿದ್ದಾಳಂತೆ. ಮುಂದಿನ ಸೋಮವಾರ ಹೂಂ ಅನ್ನಬೇಕು. ಇಷ್ಟು ದೊಡ್ಡ ಮನೆ ಬಿಟ್ಟು ಅಲ್ಲಿಗೇಕೆ ಎಂದೆ. ಈ ಮನೆಯಲ್ಲಿ ತಾನು ನೆಂಟಳು ಎಂದಳು. ಆ ಇಟಲಿಯವನ ಪರ ವಾದಿಸಲು ಅಪ್ಪನಿಗೆ ಇಷ್ಟೊಂದು ಮಾತಿದೆ, ತನಗಾಗಿ ಒಂದೂ ಇಲ್ಲ. ಒಂದು ಮಾತು ಆಡಿದ್ದರೆ ತಾನು ಹೋಗುತ್ತಿರಲಿಲ್ಲ ಎಂದಳು. ನನಗೆ ಕಾಕಾನ ಮೇಲೆ ಸಿಟ್ಟು ಬಂತು. ನಿಜವಾದ ಸಿಟ್ಟು.

ಮುಂದಿನ ಭಾನುವಾರ ಸ್ಟ್ಯಾನ್ಮೋರಿನಲ್ಲಿ ಸತ್ಯನಾರಾಯಣ ಪೂಜೆ. ಪೂಜೆಯ ನೆಪ ಸತ್ಯನಾರಾಯಣ, ಕಾರಣ ಬೇರೆ. ಹುಡುಗನನ್ನು ಅವನ ಹುಟ್ಟೂರಿನ ಅದೇ ಸಣ್ಣ ಕ್ಲಬ್ಬು ಮತ್ತೆ ಕರೆದುಕೊಂಡಿತ್ತು, ಅಂದು ಅವನ ಮೊದಲ ಪಂದ್ಯ. ಕಾಕಾ ಯಾವುದೋ ಇಟಾಲಿಯನ್ ಚಾನೆಲ್ ಹುಡುಕಿ ತೆಗೆದು, ಬಾಳೆ ಎಲೆಯ ಮುಂದೆ ಟೀವಿ ಕಾಣುವಂತೆ ಎಲ್ಲರನ್ನೂ ಕೂರಿಸಿದ್ದರು. ಪ್ರಸಾದ ತಿನ್ನುತ್ತಾ ನಾವು ಅರ್ಥವಾಗದ ಭಾಷೆಯಲ್ಲಿ ಅರ್ಥವಾಗದ ಆಟ ನೋಡಿದೆವು. ಸಾರು ಬಡಿಸುವ ಹೊತ್ತಿಗೆ ಯಾರೋ ಯಾರನ್ನೋ ಕೆಡವಿದರು, ರೆಫರಿ ಸೀಟಿ ಊದಿದ. ಪೆನಾಲ್ಟಿ! ಗೋಲ್‌ಕೀಪರನೊಬ್ಬನ ಎದುರು ನಮ್ಮ ಹುಡುಗನೇ ಚೆಂಡನ್ನು ಇಟ್ಟು ಹಿಂದೆ ಸರಿದ. ಕಾಕಾ ಕೈ ಮುಗಿದು ಮೊಣಕಾಲ ಮೇಲೆ ಕೂತರು.

ಡಾಕ್ಟರಮ್ಮನಿಗೆ ಇದಾವುದೂ ಮುಖ್ಯವಲ್ಲ. ಸಾರಿನ ಪಾತ್ರೆ ಹಿಡಿದು ಬಂದ ರಶ್ಮಿಯನ್ನು ಮೇಲಿನಿಂದ ಕೆಳಗೆ ನೋಡಿ, ಕಾಕುವಿನ ಕಡೆ ತಿರುಗಿದರು.

“ಇನ್ನೂ ಇಲ್ಲೇ ಇದ್ದಾಳಲ್ಲ? ಎಷ್ಟು ದಿನ ಇರ್ತಾಳೆ ತವರಲ್ಲಿ?”

ಕಾಕು ಬಾಯಿ ತೆರೆದರು. ಆ ನಾಲ್ಕು ದಿನ ಇನ್ನೇನು ಹೊರಗೆ ಬರಬೇಕು, ಅಷ್ಟರಲ್ಲಿ ಟೀವಿ ಆರಿತು. ರಿಮೋಟು ಕಾಕಾನ ಕೈಯಲ್ಲಿತ್ತು. ಹುಡುಗ ಚೆಂಡಿನತ್ತ ಓಡಲು ಶುರುಮಾಡಿದ್ದ. ಅವನನ್ನು ಅಲ್ಲೇ ಕತ್ತಲಲ್ಲಿ ಬಿಟ್ಟು ಕಾಕಾ ನಮ್ಮ ಕಡೆ ತಿರುಗಿದರು. ಈಗ ಇಟಲಿಯ ಯಾವ ಉಪಮಾನ ಬರುತ್ತದೋ ಎಂದು ನಾನು ಹಲ್ಲು ಕಚ್ಚಿ ಕಾದೆ.

“ಆಕಿ ತವರಿಗೆ ಬಂದಿಲ್ಲರೀ. ತನ್ನ ಮನಿಗೆ ಬಂದಾಳ. ಮನ್ಯಾಗಿನ ಮಗಳನ್ನ ಎಷ್ಟು ದಿನ ಇರ್ತಿ ಅಂತ ಯಾರರೆ ಕೇಳ್ತಾರೇನು?”

ದನಿ ಎತ್ತರಿಸಿರಲಿಲ್ಲ. ಆದರೆ ಅದು ಅವರ ಎಂದಿನ ದನಿಯಾಗಿರಲಿಲ್ಲ. ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಡಾಕ್ಟರಮ್ಮ ತಲೆ ತಗ್ಗಿಸಿ, ಎಲೆಯಲ್ಲಿ ಇಲ್ಲದ ಸಾರಿಗೆ ಅನ್ನ ಕಲಸಿದರು. ರಶ್ಮಿ ಪಾತ್ರೆಯನ್ನು ನೆಲದ ಮೇಲಿಟ್ಟು ಅಪ್ಪನ ಪಕ್ಕದಲ್ಲಿ, ಎಲೆಗಳ ಸಾಲಿನಲ್ಲೇ ಕೂತುಬಿಟ್ಟಳು.

“ಅಪ್ಪಾ, ಟೀವಿ ಹಚ್ಚು,” ಎಂದಳು. ಕನ್ನಡದಲ್ಲಿ. ಅದೂ ಅಚ್ಚ ಧಾರವಾಡದ ಕನ್ನಡದಲ್ಲಿ.

ಕಾಕಾ ಹಚ್ಚಲಿಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟರು. ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕ ನನಗೆ ಆಗ ಎದ್ದು ಹೋಗಿ ಅವರ ಕಾಲು ಮುಟ್ಟಬೇಕು ಅನ್ನಿಸಿತು. ಪೆನಾಲ್ಟಿ ಏನಾಯಿತೋ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ರಶ್ಮಿ ಈಸ್ಟ್ ಹ್ಯಾಮಿಗೆ ಫೋನು ಮಾಡಿ, ಕೋಣೆ ಬೇಡ, ನನಗೆ ಮನೆಯಿದೆ ಎಂದಳಂತೆ.