ಷಡಕ್ಷರಿಯವರ ಅಲೆ, ನನ್ನ ಹರಕೆ

ಅರವತ್ತು ದಾಟಿದ ಗಂಡಸರಿಗೆ ನಮ್ಮ ಮೂಡಿಗೆರೆ ಸೀಮೆಯಲ್ಲಿ ಮಾಡಲು ಕೆಲಸವಿಲ್ಲವೇ? ಕ್ಲಬ್ಬಿಗೆ ಹೋಗಿ ರಮ್ಮಿ ಆಡಬಹುದು. ಮಳೆ ಎಷ್ಟು ಇಂಚು, ಎಷ್ಟು ಸೆಂಟು ಬಿತ್ತೆಂದು ಊರಿಗೆಲ್ಲ ಫೋನ್ ಮಾಡಿ ಕೇಳಬಹುದು. ಕಾಫಿ ರೇಟು ಬಿದ್ದರೆ ಬೈಯಬಹುದು, ಏರಿದರೆ ಇನ್ನೂ ಏರಲಿಲ್ಲವೆಂದು ಬೈಯಬಹುದು. ಇಷ್ಟೆಲ್ಲ ಘನವಾದ ಉದ್ಯೋಗಗಳಿರುವಾಗ ನನ್ನ ಯಜಮಾನರು, ಜಾವಳಿಯ ಕಾಫಿ ಪ್ಲಾಂಟರ್ ಶ್ರೀಮಾನ್ ಷಡಕ್ಷರಿಯವರು, ಅರವತ್ನಾಲ್ಕನೇ ವಯಸ್ಸಿನಲ್ಲಿ ಮಾಡುವುದೇನು? ಚಾರ್ಮಾಡಿ ಘಾಟಿ ಇಳಿದು, ಮೂಲ್ಕಿ ಕಡೆ ಹೋಗಿ, ಸಮುದ್ರದ ಮೇಲೆ ಒಂದು ಹಲಗೆ ಹಾಕಿಕೊಂಡು ಅದರ ಮೇಲೆ ನಿಲ್ಲುವುದು. ಇದಕ್ಕೆ ಸರ್ಫಿಂಗ್ ಎನ್ನುತ್ತಾರಂತೆ. (ನಾನು ಬೇರೆ ಹೆಸರಿಟ್ಟಿದ್ದೇನೆ, ಇಲ್ಲಿ ಬರೆಯುವಂತಿಲ್ಲ.)

ಇದು ಇವತ್ತು ನಿನ್ನೆಯ ಕಾಯಿಲೆಯಲ್ಲ. ನಲವತ್ತೈದರ ಆಸುಪಾಸಿನಲ್ಲಿ ಯಾರೋ ಸ್ನೇಹಿತರ ಜೊತೆ ನೋಡಲು ಹೋದವರು ತಾವೂ ನೀರಿಗಿಳಿದು ನೆನೆದುಕೊಂಡು ಬಂದರು. ಆಗ ಮಂಡಿ ಗಟ್ಟಿಯಿತ್ತು, ಹಲ್ಲು ಸ್ವಂತದ್ದಿತ್ತು, ನಾನೂ ಸುಮ್ಮನಿದ್ದೆ. ಈಗ ಮಂಡಿಗೆ ಪಟ್ಟಿ ಬಂದಿದೆ, ಮುಂದಿನ ಹಲ್ಲುಗಳ ಜಾಗಕ್ಕೆ ಕಟ್ಟಿಸಿದ ಸೆಟ್ಟು ಬಂದಿದೆ, ಚಾಳಿ ಮಾತ್ರ ಹೋಗಿಲ್ಲ. ಮಳೆಗಾಲ ಮುಗಿಯುವುದೇ ತಡ, ಜೀಪಿನ ಮೇಲೆ ಬೋರ್ಡು ಏರುತ್ತದೆ, ನನ್ನ ಎದೆಯಲ್ಲಿ ಡವಡವ ಶುರುವಾಗುತ್ತದೆ. ರೇಡಿಯೋದಲ್ಲಿ ‘ಅರಬ್ಬಿ ಸಮುದ್ರ’ ಎಂಬ ಶಬ್ದ ಕೇಳಿದರೂ ಸಾಕು, ನನಗೆ ಒಗ್ಗರಣೆ ಸೀಯುವುದು ಗೊತ್ತಾಗುವುದಿಲ್ಲ.

ಇದಕ್ಕೆ ಅಭ್ಯಾಸ ಬೇರೆ. ಕಾಫಿ ಒಣಗಿಸುವ ಕಣದಲ್ಲಿ ಬೋರ್ಡು ಹಾಸಿ, ಅದರ ಮೇಲೆ ಬೋರಲು ಮಲಗಿ, ಕೈಕಾಲು ಬಡಿದು, ಒಂದೇ ಸಲಕ್ಕೆ ಹಾರಿ ನಿಲ್ಲಬೇಕು. ಕೊಯ್ಲಿಗೆ ಹೊಸದಾಗಿ ಬಂದಿದ್ದ ದ್ಯಾವಮ್ಮ ಇದನ್ನು ಕಂಡವಳೇ, ಸಾಹುಕಾರರಿಗೆ ಫಿಟ್ಸ್ ಬಂತೆಂದು ಕಿರುಚಿಕೊಂಡು ಓಡಿ, ಗೋಡೌನಿನ ಕಬ್ಬಿಣದ ಬೀಗದ ಕೈ ತಂದು ಅವರ ಮುಷ್ಟಿಗೆ ತುರುಕಿ ಅದುಮಿ ಹಿಡಿದಳು. ಇವರು ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಅವಳ ಹಿಡಿತ ಬಿಗಿಯಾಯಿತು. ಕಡೆಗೆ ತೋಟದ ಲೆಕ್ಕ ಬರೆಯುವ ರೈಟರ್ ಬಂದು ಇಬ್ಬರನ್ನೂ ಬೇರೆ ಮಾಡಬೇಕಾಯಿತು. ಅವಳಿಗೆ ನನ್ನ ಮೇಲೆ ಅಂದಿನಿಂದ ಅಪಾರ ಕನಿಕರ. ನಾನೂ ಅವಳನ್ನು ಮನೆಗೆಲಸಕ್ಕೇ ಇಟ್ಟುಕೊಂಡೆ.

“ಮಂಡಿ ನೋವು ಅಂತ ಮಹಡಿ ಮೆಟ್ಲು ಹತ್ತಲ್ಲ ನೀವು. ಸಮುದ್ರ ಹತ್ಲಿಕ್ಕೆ ಆಗುತ್ತಾ?” ಎಂದು ಕೇಳಿದೆ.

“ಮೆಟ್ಲು ನನ್ನ ಎತ್ತಲ್ಲ ಮಾರಾಯ್ತಿ, ಅಲೆ ಎತ್ತುತ್ತೆ.”

“ಇಳ್ಸೋದು ಯಾರು?”

“ಅದೂ ಅಲೆನೇ. ದೊಡ್ಡದಕ್ಕೆಲ್ಲ ನಾನು ಹೋಗಲ್ಲ ಅರುಣಾ. ನನ್ನ ವಯಸ್ಸಿಗೆ ತಕ್ಕದ್ದು ಬರೋ ತನ್ಕ ಕಾಯ್ತೀನಿ.”

“ಅಲೆಗೆ ನಿಮ್ಮ ವಯಸ್ಸು ಗೊತ್ತಿರುತ್ತಾ?”

ಅವರು ಬೋರ್ಡಿಗೆ ಮೇಣ ಉಜ್ಜತೊಡಗಿದರು. ಅಷ್ಟು ಎಣ್ಣೆಯನ್ನು ಅವರು ಈ ಜನ್ಮದಲ್ಲಿ ನನ್ನ ತಲೆಗೆ ಉಜ್ಜಿದವರಲ್ಲ.

ನಿಜ ಹೇಳುತ್ತೇನೆ, ನನಗೆ ಭಯ. ನನ್ನ ಜೀವ ಇರುವುದು ಎರಡರಲ್ಲಿ: ಒಂದು ಇವರು, ಇನ್ನೊಂದು ನಾನೇ ಹುರಿದು ಪುಡಿ ಮಾಡಿದ ನಮ್ಮ ತೋಟದ ಕಾಫಿ. (ಯಾವುದು ಮೊದಲು ಎಂಬುದು ದಿನಕ್ಕೊಂದು ಥರ.) ಬೇಡವೆಂದೆ, ಅತ್ತು ಕರೆದೆ, ಉಪವಾಸವನ್ನೂ ಮಾಡಿದೆ. ಯಾವುದೂ ನಡೆಯಲಿಲ್ಲ. ಕಡೆಗೆ ಈ ವರ್ಷ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು.

ನಮ್ಮ ಯಜಮಾನರು ಡಾಕ್ಟರಿಗೆ ಹೆದರುವವರಲ್ಲ, ನನಗಂತೂ ಅಲ್ಲವೇ ಅಲ್ಲ. ಆದರೆ ಹೊರನಾಡಮ್ಮನೆಂದರೆ ನಡುಗುತ್ತಾರೆ. ಹೊಸ ಮೆಣಸು ಮೊದಲು ಅಮ್ಮನಿಗೆ, ಆಮೇಲೆ ಮಾರ್ಕೆಟ್ಟಿಗೆ. ಅಮ್ಮನಿಗೆ ಹೇಳಿಕೊಂಡ ಹರಕೆಯನ್ನು ಈ ಮನೆಯಲ್ಲಿ ಯಾರೂ ಮುರಿದದ್ದಿಲ್ಲ. ಗಂಡನ ಪರವಾಗಿ ಹೆಂಡತಿ ಹರಕೆ ಹೊರುವುದಂತೂ ನಮ್ಮಲ್ಲಿ ನಡೆದು ಬಂದದ್ದೇ. ಹೀಗಿರುವಾಗ ನಾನೂ ಕಡಲಿಗೆ ಹೋಗಿ, ಇವರು ನೀರಿಗಿಳಿದ ಕೂಡಲೇ, “ಅಮ್ಮಾ, ಇದೊಂದು ಸಲ ಇವ್ರನ್ನ ಕ್ಷೇಮವಾಗಿ ದಡ ಸೇರ್ಸು, ಇನ್ನು ಇವ್ರು ಸಮುದ್ರಕ್ಕೆ ಕಾಲಿಡಲ್ಲ” ಎಂದುಬಿಟ್ಟರೆ? ದಡ ಸೇರಿದ ಮೇಲೆ ಷಡಕ್ಷರಿಯವರ ಸರ್ಫಿಂಗಿಗೆ ಮಂಗಳ!

ಬಾಯಲ್ಲಿ ಹೇಳಿಕೊಳ್ಳುವ ಹರಕೆಗೆ ಸಾಕ್ಷಿ ಬೇಕಲ್ಲ. ದ್ಯಾವಮ್ಮನನ್ನು ಜೊತೆಗೆ ಹೊರಡಿಸಿದೆ. ಅವಳು ಸಮುದ್ರ ನೋಡಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. (ಪಕ್ಕದ ಎಸ್ಟೇಟಿನವರ ಮುಂದೆ ನಮ್ಮ ಮನೆ ಸಾರಿನ ರುಚಿಯನ್ನೂ ಇದ್ದ ಹಾಗೆಯೇ ಹೇಳಿದ್ದಳು.)

“ನೀನೂ ಬರ್ತೀಯಾ?” ಯಜಮಾನರ ಮುಖ ಹಿಗ್ಗಿಹೋಯಿತು. “ಇಷ್ಟು ವರ್ಷದಲ್ಲಿ ಒಂದ್ಸಲನೂ ಬಂದಿರ್ಲಿಲ್ಲ!”

ಆ ಸಂತೋಷ ನೋಡಿ ಪಾಪ ಎನ್ನಿಸಿತು. ಆದರೂ ನಿರ್ಧಾರ ಬಿಡಲಿಲ್ಲ. ಘಾಟಿಯ ತಿರುವುಗಳಲ್ಲಿ ದ್ಯಾವಮ್ಮ ವಾಂತಿ ಮಾಡುತ್ತಿದ್ದರೆ, ನಾನು ಹರಕೆಯ ಮಾತುಗಳನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಾ ಕೂತೆ.

ದಡದಲ್ಲಿ ಇವರು ಕೈಕಾಲು ಸಡಿಲಿಸುತ್ತಿದ್ದಾಗ ನನಗೊಂದು ಮುಂಜಾಗ್ರತೆ ಹೊಳೆಯಿತು. “ರೀ, ಹಲ್ಲಿನ ಸೆಟ್ಟು ಕೊಟ್ಟು ಹೋಗಿ. ಗಂಟ್ಲಲ್ಲಿ ಸಿಕ್ಕಿಕೊಂಡ್ರೆ?” ಎಂದೆ. ಇವರು ಕಣ್ಣನ್ನು ಅಲೆಗಳ ಮೇಲಿಟ್ಟುಕೊಂಡೇ ಸೆಟ್ಟು ತೆಗೆದು ನನ್ನ ಕೈಗೆ ಹಾಕಿದರು. ನಾನದನ್ನು ಕರವಸ್ತ್ರದಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಸೇರಿಸಿದೆ.

ಇವರು ನೀರಿಗಿಳಿದರು. ಬೋರಲು ಮಲಗಿ ಕೈ ಬಡಿಯುತ್ತಾ ಹೋದರು. ಎಷ್ಟೋ ಅಲೆಗಳನ್ನು ಬೇಡವೆಂದು ಬಿಟ್ಟರು. ಆಮೇಲೆ ಒಂದು ಬಂತು. ಇವರು ಎದ್ದು ನಿಂತೇಬಿಟ್ಟರು! ಮಂಡಿಯ ಪಟ್ಟಿ, ಬಿಳಿ ಮೀಸೆ, ಅಗಲಿಸಿದ ತೋಳು. ದೇವರಾಣೆಗೂ ಚೆನ್ನಾಗಿ ಕಂಡರು. ಹರಕೆ ಹೇಳಲು ಬಾಯಿ ತೆರೆದವಳು ಹಾಗೇ ನೋಡುತ್ತಾ ನಿಂತುಬಿಟ್ಟೆ.

ಅಷ್ಟರಲ್ಲಿ ಬೋರ್ಡು ಒಂದು ಕಡೆ, ಇವರು ಒಂದು ಕಡೆ. ಬೋರ್ಡು ತೇಲಿತು, ಇವರು ತೇಲಲಿಲ್ಲ. ತಲೆ ಒಮ್ಮೆ ಕಂಡಿತು, ಮತ್ತೆ ಮುಳುಗಿತು. ಕಂಡಿತು, ಮುಳುಗಿತು.

“ಅಯ್ಯೋ ಅಮ್ಮಾ, ಸಾವ್ಕಾರ್ರು!” ಎಂದಳು ದ್ಯಾವಮ್ಮ, ಸೊಂಟದಲ್ಲಿ ಬೀಗದ ಕೈ ಹುಡುಕುತ್ತಾ.

ಬಾಯಿಪಾಠವೆಲ್ಲ ಹಾರಿಹೋಯಿತು. ನಾನು ಮರಳಲ್ಲಿ ಕುಸಿದು ಕೈಮುಗಿದು ಕೂಗಿದ್ದು ಮಾತ್ರ ಬೇರೆಯೇ:

“ಅಮ್ಮಾ ತಾಯೀ, ಇವ್ರನ್ನ ಎಬ್ಸಿಕೊಡು! ಎಷ್ಟು ವರ್ಷ ಬೇಕಾದ್ರೂ ಆಡ್ಕೊಳ್ಳಿ, ನಾನು ಅಡ್ಡ ಬರಲ್ಲ, ನಾನೇ ಕರ್ಕೊಂಡು ಬರ್ತೀನಿ! ಇನ್ನು ಜನ್ಮದಲ್ಲಿ ಕಾಫಿ ಮುಟ್ಟಲ್ಲ! ಇವ್ರು ನನಗೆ ಬೇಕು ತಾಯೀ!”

ಇವರು ಎದ್ದು ನಿಂತರು. ನೀರು ಸೊಂಟದ ಮಟ್ಟಕ್ಕಿತ್ತು.

ಕುಂಟುತ್ತಾ ದಡಕ್ಕೆ ಬಂದವರು ಬಾಯಿಗೆ ಕೈ ಅಡ್ಡ ಹಿಡಿದು, “ಹಲ್ಲಿನ ಸೆಟ್ಟು ಬಿದ್ದೋಯ್ತು ಅರುಣಾ. ಎಷ್ಟು ತಡಕಾಡಿದ್ರೂ ಸಿಗ್ಲಿಲ್ಲ” ಎಂದರು.

ನಾನು ಬ್ಯಾಗಿನಿಂದ ಕರವಸ್ತ್ರ ತೆಗೆದುಕೊಟ್ಟೆ. ಇವರು ಬಿಚ್ಚಿ ನೋಡಿ, “ಓ, ನಿನ್ಹತ್ರನೇ ಕೊಟ್ಟಿದ್ದೆ ಅಲ್ವಾ!” ಎಂದು ನಕ್ಕರು. ಆ ನಗುವಿಗೆ ನಾನು ಅಳಬೇಕೋ ಹೊಡೆಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಹರಕೆಯ ವಿಷಯ ಅಲ್ಲಿಗೇ ಮುಚ್ಚಿಹೋಗಬಹುದಿತ್ತು. ಆದರೆ ಸಾಕ್ಷಿಯನ್ನು ನಾನೇ ಕರೆತಂದಿದ್ದೆನಲ್ಲ. ಮನೆಗೆ ಬಂದು ಹಬೆಯಾಡುವ ಕಾಫಿಯನ್ನು ತುಟಿಗೆ ಒಯ್ಯುತ್ತಿದ್ದೆ. ದ್ಯಾವಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನಿಟ್ಟುಸಿರಿಟ್ಟಳು.

“ಅಮ್ಮಾ, ನೀವು ಹೊರನಾಡಮ್ಮಂಗೆ ಎಂತ ಹೇಳಿದ್ರಿ?”

ಯಜಮಾನರು ಎಲ್ಲವನ್ನೂ ಅವಳ ಬಾಯಿಂದ ಕೇಳಿದರು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ‘ಇವ್ರು ನನಗೆ ಬೇಕು’ ಎಂಬಲ್ಲಿ ಅವರ ಕಣ್ಣು ತುಂಬಿತು. ಮೆಲ್ಲಗೆ ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡರು.

“ಅಮ್ಮಂಗೆ ಹೇಳಿದ ಮಾತು ಮುರೀಬಾರ್ದು ಅರುಣಾ.” ಇವರಿಗೆ ಹೇಳಲೆಂದು ನಾನು ಕಲಿತುಕೊಂಡಿದ್ದ ಮಾತು ಅದು. ವ್ಯರ್ಥವಾಗಬಾರದೆಂದು ಕಾಫಿಯನ್ನು ಅವರೇ ಕುಡಿದರು.

ಈಗ ಪ್ರತಿ ಸಲವೂ ಹರಕೆಯಂತೆ ನಾನೇ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಫ್ಲಾಸ್ಕಿನಲ್ಲಿ ಕಾಫಿ, ನನಗೆ ಇನ್ನೊಂದರಲ್ಲಿ ಜೀರಿಗೆ ಕಷಾಯ. ಭಯ ಎಳ್ಳಷ್ಟೂ ಕಡಿಮೆಯಾಗಿಲ್ಲ. ಹೋದ ಸಲ ದಡದಲ್ಲಿ ಕೂತಿದ್ದಾಗ ಇವರು ಮತ್ತೆ ಬಿದ್ದರು, ತಲೆ ಮತ್ತೆ ಕಾಣಲಿಲ್ಲ. ದ್ಯಾವಮ್ಮ ಕಿವಿ ನಿಮಿರಿಸಿಕೊಂಡು ಹತ್ತಿರ ಸರಿದಳು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ತಡವಾಗಿತ್ತು, ಹರಕೆ ಹೊರಬಿದ್ದಿತ್ತು. ಕಾಫಿಯ ಹಿಂದೆ ಅಕ್ಕಿ ರೊಟ್ಟಿಯೂ ಹೋಯಿತು.