ಒಗೆಯುವ ಕಲ್ಲು ಮತ್ತು ಹೊಸ ಆಪರೇಟಿಂಗ್ ಸಿಸ್ಟಮ್

ಇಸವಿ 2025, ಫೆಬ್ರವರಿ 19, ಸೋಮವಾರ. ಆಧಾರ: ಅಂಬಲಪಾಡಿಯ ನಮ್ಮ ಮನೆಯ ಅಡುಗೆಕೋಣೆಯ ಗೋಡೆಯಲ್ಲಿರುವ ಕ್ಯಾಲೆಂಡರ್. ದಿನಾಂಕವನ್ನೂ ಆಧಾರವನ್ನೂ ಹೇಳದೆ ಬಾಯಿ ತೆರೆಯುವುದು ನನ್ನಿಂದಾಗದು. ಇತಿಹಾಸ ಸಂಶೋಧನೆಯಿಂದ ನಿವೃತ್ತನಾಗಿದ್ದೇನೆ, ಆ ಚಟದಿಂದಲ್ಲ. ಮದುವೆಯ ಆಮಂತ್ರಣ ಬಂದರೆ ವಧೂವರರ ಹೆಸರಿಗಿಂತ ಮೊದಲು ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುತ್ತೇನೆ. ಆಗದಿದ್ದರೆ ವಧುವಿನ ತಂದೆಗೆ ಫೋನು ಮಾಡುತ್ತೇನೆ. ಈಚೆಗೆ ಆಮಂತ್ರಣಗಳು ಬರುವುದು ಕಡಿಮೆಯಾಗಿದೆ.

ಸದರಿ ದಿನ ನನ್ನ ಹಳೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸುವುದೆಂದು ನಿಶ್ಚಯವಾಗಿತ್ತು. ಯಾವ ಜಾಲತಾಣವೂ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೂ ನನಗೆ ಅಳುಕು, ಏಕೆಂದರೆ ನನ್ನ ವಿದ್ವತ್ತಿನ ಏಕೈಕ ಸಾಕ್ಷ್ಯ ಅದರೊಳಗಿತ್ತು. ಕಾರ್ಕಳದ ಬಳಿ ಕೆರೆಯ ದಂಡೆಯಲ್ಲಿ ಸಿಕ್ಕ ಕಲ್ಲೊಂದನ್ನು ಎಲ್ಲರೂ ಶಾಸನವೆಂದು ಕೊಂಡಾಡುತ್ತಿದ್ದಾಗ, ಅದು ಬಟ್ಟೆ ಒಗೆಯುವ ಕಲ್ಲೆಂದು ಮೊದಲು ಕಂಡುಕೊಂಡವನು ನಾನು. ಪರ್ಕಳದ ಭಾಸ್ಕರ ಶೆಟ್ಟರು ತಾವೇ ಮೊದಲು ಎನ್ನುತ್ತಾರೆ. ಅವರ ಲೇಖನ ಅಚ್ಚಾದದ್ದು 2012ರಲ್ಲಿ. ನನ್ನದು ಅಚ್ಚಾಗಲೇ ಇಲ್ಲ, ಆದರೆ ಕಂಪ್ಯೂಟರಿನಲ್ಲಿ ಅದರ ಕಡತದ ಎದುರು 2009 ಎಂದು ಸ್ಪಷ್ಟವಾಗಿ ದಾಖಲಾಗಿದೆ. ಮನೆಗೆ ಬಂದವರಿಗೆ ಕಾಫಿಗೆ ಮೊದಲು ಅದನ್ನು ತೋರಿಸುವುದು ನನ್ನ ಪದ್ಧತಿ.

ಫಜೀತಿಯೆಂದರೆ, ನನ್ನ ಪರಿಚಯದಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡಿಸಬಲ್ಲವರು ಇದೇ ಶೆಟ್ಟರು. ಕುವೈತಿನಲ್ಲಿ ಅದೇ ಕೆಲಸ ಮಾಡಿ ಬಂದವರು. ಸಾಕ್ಷ್ಯವನ್ನು ಪ್ರತಿವಾದಿಯ ಕೈಗೇ ಒಪ್ಪಿಸುವುದು! ಅವರು ಪೆನ್‌ಡ್ರೈವ್ ಚುಚ್ಚಿದ ಕ್ಷಣದಿಂದ ನಾನು ಕುರ್ಚಿ ಎಳೆದುಕೊಂಡು ಅವರ ಮೊಣಕೈಗೆ ತಾಗಿ ಕುಳಿತೆ.

"ನಿಮ್ಮ ಕಲ್ಲನ್ನು ನಾನು ಹೊತ್ತುಕೊಂಡು ಹೋಗುವುದಿಲ್ಲ ಮಾರಾಯ್ರೆ, ಸ್ವಲ್ಪ ಗಾಳಿ ಬಿಡಿ," ಎಂದರು ಶೆಟ್ಟರು. ಆಮೇಲೆ ಪರದೆಯನ್ನು ದಿಟ್ಟಿಸಿ, "ಎಂತ ರಾಯರೇ ಇದು? ಇಂಟರ್ನೆಟ್ ಯಾಕೆ ಹಿಡಿಯುವುದಿಲ್ಲ ಅಂತ ನೋಡಿದರೆ, ನಿಮ್ಮ ಕಂಪ್ಯೂಟರ್ ಇನ್ನೂ 2009ರಲ್ಲೇ ಉಂಟಲ್ಲ!"

"ಅಂದರೆ?"

"ಒಳಗಿನ ಗಡಿಯಾರದ ಬ್ಯಾಟರಿ ಸತ್ತಿದೆ. ಆಫ್ ಮಾಡಿದಾಗಲೆಲ್ಲ ಇದು 2009ಕ್ಕೆ ಹೋಗಿ ಕೂತುಕೊಳ್ಳುತ್ತದೆ. ಮೊನ್ನೆ ಮೊನ್ನೆ ಬರೆದದ್ದು ಏನಾದರೂ ಉಂಟಾ?"

ಬೀದಿದೀಪದ ಕುರಿತು ಕಳೆದ ವಾರ ಬರೆದ ದೂರು ಇತ್ತು. ಅದರ ಎದುರೂ 2009. ಹೋದ ದೀಪಾವಳಿಯ ಶುಭಾಶಯ: 2009. ಶೆಟ್ಟರು ಒಗೆಯುವ ಕಲ್ಲಿನ ಕಡತದ ಮೇಲೆ ಬೆರಳಿಟ್ಟು, ಕುರ್ಚಿ ಅಲುಗಾಡುವಂತೆ ನಕ್ಕರು. "ನಿಮ್ಮದು ಎಲ್ಲವೂ ನನಗಿಂತ ಮೊದಲೇ, ಅಲ್ವಾ?"

ಹೊಸ ಬ್ಯಾಟರಿ ಬಂತು, ಹೊಸ ಸಿಸ್ಟಮ್ಮೂ ಕುಳಿತಿತು. ಸಾಕ್ಷ್ಯ ಒಂದಕ್ಷರವೂ ಕೆಡದೆ ಉಳಿಯಿತು, ಅದರ ಬೆಲೆ ಮಾತ್ರ ಹೋಯಿತು. "ರಾಯರು ಸೋತ ದಿನ ಯಾವುದು, ಹೇಳಿ. ಮೊಬೈಲಿನಲ್ಲಿ ಹಾಕಿ ಇಡುತ್ತೇನೆ," ಎಂದರು ಶೆಟ್ಟರು. ಸೋತರೂ ನಿಖರವಾಗಿ ಸೋಲಬೇಕಲ್ಲ! "ಫೆಬ್ರವರಿ ಹತ್ತೊಂಬತ್ತು, ಸೋಮವಾರ," ಎಂದೆ.

"ಸೋಮವಾರವಾ? ಇವತ್ತು ಬುಧವಾರ!"

ಇದೊಂದನ್ನಾದರೂ ಗೆಲ್ಲುವೆನೆಂದು ಅವರನ್ನು ಅಡುಗೆಕೋಣೆಗೆ ಎಳೆದೊಯ್ದು ಕ್ಯಾಲೆಂಡರ್ ತೋರಿಸಿದೆ. ಒಂದೇ ಹಾಳೆಯಲ್ಲಿ ಹನ್ನೆರಡು ತಿಂಗಳು, ಮೇಲೆ ಬೆಣ್ಣೆ ತಿನ್ನುವ ಕೃಷ್ಣ, ಅವನಿಗೊಂದು ಒಣಗಿದ ಹಾರ. ದೋಸೆ ಮಗುಚುತ್ತಿದ್ದ ನನ್ನ ಹೆಂಡತಿ ಸುಮತಿ ತಿರುಗಿ ನೋಡಿದಳು. "ಅಯ್ಯೋ, ಅದು ಕಳೆದ ವರ್ಷದ್ದು! ಕೃಷ್ಣ ಚಂದ ಇದ್ದಾನೆ ಅಂತ ಇಟ್ಟದ್ದು. ಅದರಲ್ಲಿ ವಾರ ನೋಡಲಿಕ್ಕೆ ನಿಮಗೆ ಯಾರು ಹೇಳಿದ್ದು?"

ಹಾರವನ್ನು ಸರಿಸಿದೆ. ಅಡಿಯಲ್ಲಿ 2024 ಎಂದಿತ್ತು.

"ಸುಮತಿ ಅಕ್ಕಾ, ಇವರಿಗೂ ಒಂದು ಬ್ಯಾಟರಿ ಹಾಕಿ ಹೋಗಲಾ?" ಎಂದರು ಶೆಟ್ಟರು.

ಮೂಲಪಾಠವನ್ನು ತಿದ್ದಬಾರದೆಂಬ ಶಿಸ್ತಿಗೆ ಬದ್ಧನಾಗಿ ಈ ಬರಹದ ಮೊದಲ ಸಾಲನ್ನು ಹಾಗೆಯೇ ಬಿಟ್ಟಿದ್ದೇನೆ. ಕಂಪ್ಯೂಟರಿನ ಹೊಸ ದಾಖಲೆಯ ಪ್ರಕಾರ ಇದೆಲ್ಲ ನಡೆದದ್ದು ಬುಧವಾರ. ನನ್ನ ನೆನಪಿನಲ್ಲಿ ಸೋಮವಾರ. ಈ ವರ್ಷದ ಕ್ಯಾಲೆಂಡರಿನೊಡನೆ ತಾಳೆ ನೋಡೋಣವೆಂದರೆ, ಅದರ ಚಿತ್ರ ಚೆನ್ನಾಗಿಲ್ಲವೆಂದು ಸುಮತಿ ಅದನ್ನು ಕಪಾಟಿಗೆ ಹಾಸಿಬಿಟ್ಟಿದ್ದಾಳೆ. ಫೆಬ್ರವರಿಯ ಮೇಲೆ ಉಪ್ಪಿನಕಾಯಿಯ ಭರಣಿ ಕುಳಿತಿದೆ.